ಲೈಟಿಗೆ ಹಿಡಿಯದ ಮುಖ

ಹೆಂಗಸರಾದ ನಮಗೆ ಬೆಳಕಿನ ವಿಚಾರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸೀರೆ ಅಂಗಡಿಯಲ್ಲಿ ಜಮಖಾನದ ಮೇಲೆ ಕೂತು, ಎರಡು ಡಜನ್ ಸೀರೆ ಬಿಚ್ಚಿಸಿ, ಕೊನೆಗೆ ಒಂದು ಒಪ್ಪಿಗೆಯಾದ ಮೇಲೂ “ಸ್ವಲ್ಪ ಹೊರಗೆ ತನ್ನಿ, ಬಿಸಿಲಲ್ಲಿ ನೋಡೋಣ” ಎಂದು ಅಂಗಡಿಯವನನ್ನು ಬಾಗಿಲ ತನಕ ನಡೆಸುವವರು ನಾವೇ ಅಲ್ಲವೇ? ಒಳಗೆ ನವಿಲುಬಣ್ಣ ಎಂದು ಕಂಡದ್ದು ಹೊಸಿಲು ದಾಟಿದೊಡನೆ ಬರೀ ಹಸಿರಾಗುತ್ತದೆ. ರವಿಕೆ ಕಣ ಹೊಂದಿಸುವಾಗಲಂತೂ ಟ್ಯೂಬ್‌ಲೈಟಿನ ಮಾತನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಬಣ್ಣವೆಂಬುದು ಬಟ್ಟೆಯಲ್ಲಿ ಅರ್ಧ, ಅದರ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧ ಎಂಬ ಈ ಭೌತಶಾಸ್ತ್ರ ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

ಆದರೆ ಸೀರೆಗೆ ಸಲ್ಲುವ ಈ ನ್ಯಾಯ ಮುಖಕ್ಕೆ ಸಲ್ಲುವುದಿಲ್ಲ. ಸೀರೆ ಮಂಕಾಗಿ ಕಂಡರೆ ‘ಇಲ್ಲಿ ಬೆಳಕು ಸರಿಯಿಲ್ಲ’ ಎನ್ನುತ್ತೇವೆ. ಹುಡುಗಿ ಮಂಕಾಗಿ ಕಂಡರೆ ‘ಬಣ್ಣ ಸ್ವಲ್ಪ ಕಡಿಮೆ’ ಎನ್ನುತ್ತೇವೆ. ಕಡಿಮೆ ಎಂದರೇನು? ಕಪ್ಪೂ ಒಂದು ಬಣ್ಣವೇ ತಾನೆ, ಅದು ಯಾವ ತಕ್ಕಡಿಯಲ್ಲಿ ಕಡಿಮೆ ತೂಗಿತು? ಹೆಣ್ಣು ನೋಡಲು ಬರುತ್ತಾರೆಂದರೆ ನಡುಮನೆಯ ಅರವತ್ತರ ಬಲ್ಬು ಕಳಚಿ ನೂರರದನ್ನು ಹಾಕುತ್ತಿದ್ದ ಕಾಲ ನನಗೆ ನೆನಪಿದೆ. “ಸಂಜೆ ದೀಪ ಹಚ್ಚಿದ ಮೇಲೇ ಬರಲಿ, ಹಗಲಲ್ಲಿ ಬೇಡ” ಎಂದು ಹೇಳಿಕಳಿಸುವ ಜಾಣೆಯರೂ ಇದ್ದರು; ಬಲ್ಬಿನ ಹಳದಿ ಬೆಳಕಿನಲ್ಲಿ ಹುಡುಗಿ ಗೋಧಿಬಣ್ಣವಾಗಿ ಕಾಣಲಿ ಎಂಬ ಆಸೆ. “ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂಬ ಮಾತಿನಲ್ಲಿರುವ ‘ಆದರೂ’ ಎಂಬ ಮೂರಕ್ಷರ ಎಷ್ಟು ಹೆಣ್ಣುಮಕ್ಕಳ ನಿದ್ದೆ ಕೆಡಿಸಿದೆಯೋ ಲೆಕ್ಕವಿಟ್ಟವರಿಲ್ಲ.

ಇರಲಿ, ನಾನು ಹೇಳಹೊರಟದ್ದು ಮದುವೆಯ ವಿಚಾರವಲ್ಲ, ಶಾಲೆಯ ವಾರ್ಷಿಕೋತ್ಸವದ್ದು. ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮ ಹೈಸ್ಕೂಲು. ನಾನು ಕನ್ನಡ ಮೇಡಂ. ಬಿ.ಎ., ಬಿ.ಎಡ್. ಮಾಡಿದ ಕನ್ನಡ ಮೇಡಂ ಯಾವ ಶಾಲೆಯಲ್ಲಿದ್ದರೂ ಸಾಂಸ್ಕೃತಿಕ ಸಮಿತಿ ಅವಳ ತಲೆಗೇ ಕಟ್ಟಿದ್ದು ಎಂದು ತಿಳಿಯಿರಿ. ಡಿಸೆಂಬರ್ ಬಂತೆಂದರೆ ನಾಟಕ, ಕೋಲಾಟ, ಗುಂಪುನೃತ್ಯ. ಬಾಡಿಗೆಯ ಗೆಜ್ಜೆ, ಬಾಡಿಗೆಯ ಕಿರೀಟ. ಇವೆಲ್ಲದರ ಜೊತೆಗೆ ಪ್ರತಿವರ್ಷ ಒಂದು ದೊಡ್ಡ ಡಬ್ಬಿ ಬಿಳಿ ಪೌಡರು.

ಮಕ್ಕಳಿಗೆ ಬಣ್ಣ ಹಚ್ಚುವ ಕೋಣೆಯನ್ನು ನೀವು ನೋಡಿರಬಹುದು. ಸಾಲಾಗಿ ನಿಂತ ಹುಡುಗಿಯರ ಮುಖಕ್ಕೆ ಸ್ನೋ ಬಳಿದು, ಪೌಡರು ಒತ್ತಿ, ಕೆನ್ನೆಗೆ ಕೆಂಪು ತಿಕ್ಕಿ ಮುಗಿಸುವಷ್ಟರಲ್ಲಿ ಎಲ್ಲರೂ ಒಂದೇ ಅಚ್ಚಿನ ಬೊಂಬೆಗಳಾಗಿರುತ್ತಾರೆ. ಕತ್ತು, ಕಿವಿ, ಕೈ ಮಾತ್ರ ಸ್ವಂತದ್ದು. ಕಪ್ಪು ಹುಡುಗಿಗೆ ಎರಡು ಕೋಟು ಹೆಚ್ಚು. ಬೆವರು ಇಳಿದ ಕಡೆ ಬಿಳಿ ಗೋಡೆಯ ಮೇಲೆ ಮಳೆನೀರು ಹರಿದ ಹಾಗೆ ಗೆರೆ. ಆ ಹುಡುಗಿ ಕನ್ನಡಿ ನೋಡಿಕೊಂಡು ನಗುತ್ತದೆಯೋ ಅಳುತ್ತದೆಯೋ ಎಂದು ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇದಕ್ಕೆ ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: “ಕಪ್ಪು ಮುಖ ಲೈಟಿಗೆ ಹಿಡಿಯೋದಿಲ್ಲ.”

ಈ ಮಾತು ನನಗೆ ಹೊಸದಲ್ಲ. ನಾನೂ ಕಪ್ಪೇ. 1982ರಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಶಕುಂತಲೆಯ ನಾಟಕ ಆಡಿಸಿದರು. ಶಕುಂತಲೆಯ ಮಾತೆಲ್ಲ ನನಗೆ ಬಾಯಿಪಾಠ. ದುಷ್ಯಂತನದೂ ಬರುತ್ತಿತ್ತು, ಕಣ್ವರದೂ ಬರುತ್ತಿತ್ತು. ಮೇಷ್ಟ್ರು ಮೂರು ದಿನ ನನ್ನ ಕೈಲೇ ಮಾತು ಹೇಳಿಸಿ, ನಾಲ್ಕನೇ ದಿನ ನನ್ನನ್ನು ಪರದೆಯ ಹಿಂದೆ ಪುಸ್ತಕ ಹಿಡಿದು ನಿಲ್ಲಿಸಿದರು. “ನಿನ್ನ ದನಿ ಚೆನ್ನಾಗಿದೆ ಮಗು, ಆದರೆ ಲೈಟಿಗೆ ಮುಖ ಹಿಡಿಯೋದಿಲ್ಲ” ಎಂದರು. ಪಾಪ, ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆ ರಾತ್ರಿ ಬೆಳ್ಳಗಿನ ಶಕುಂತಲೆ ಮಾತು ಮರೆತಾಗಲೆಲ್ಲ ನಾನು ಕತ್ತಲಲ್ಲಿ ನಿಂತು ಹೇಳಿಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದಾಗ ಅಮ್ಮ, “ನೀನೆಲ್ಲಿದ್ದೆಯೇ? ನಮಗೆ ಕಾಣಲೇ ಇಲ್ಲವಲ್ಲ” ಎಂದರು.

ಮೇಡಂ ಆದ ಮೇಲೆ ಈ ಬಿಳಿ ಬಳಿಯುವ ಪದ್ಧತಿಯ ಮೇಲೆ ಪ್ರತಿವರ್ಷ ಜಗಳ ತೆಗೆಯುತ್ತಿದ್ದೆ. ಗೆಲ್ಲುತ್ತಿರಲಿಲ್ಲ. ಸೌಂದರ್ಯ, ಸಮಾನತೆ ಎಂದು ನಾನು ಶುರು ಮಾಡಿದರೆ ಸಹೋದ್ಯೋಗಿಗಳು ತಲೆಯಾಡಿಸುತ್ತಿದ್ದರು. ಕೊನೆಗೆ ಶಾಮಿಯಾನದವರ ಕಡೆಯಿಂದ ಬಂದ ಲೈಟಿನ ಯಜಮಾನರು ಏಣಿಯ ಮೇಲಿಂದ, “ಅದೆಲ್ಲ ಸರಿ ಮೇಡಂ, ಆದ್ರೆ ಆ ಮಗೀನ ಮುಖ ಲೈಟಿಗೆ ಹಿಡಿಯಲ್ಲ. ಇನ್ನೊಂದು ಕೋಟು ಹೊಡೀರಿ” ಎನ್ನುತ್ತಿದ್ದರು. ಮುಗಿಯಿತು. ಎಲ್ಲ ವಾದಗಳೂ ಲೈಟಿನ ಮುಂದೆ ನಂದಿಹೋಗುತ್ತಿದ್ದವು. ಮನುಷ್ಯರ ಜೊತೆ ವಾದ ಮಾಡಬಹುದು. ಕರೆಂಟಿನ ಜೊತೆ ಹೇಗೆ ಮಾಡುವುದು?

ಒಂದು ಕಾಲಕ್ಕೆ ಈ ಮಾತಿನಲ್ಲಿ ನಿಜವಿತ್ತು ಅನ್ನಿ. ಹಿಂದೆ ಬಯಲಾಟಗಳು ನಡೆಯುತ್ತಿದ್ದುದು ದೀವಟಿಗೆಯ ಬೆಳಕಿನಲ್ಲಿ. ಆಮೇಲೆ ಗ್ಯಾಸ್‌ಲೈಟು ಬಂತು. ಅಷ್ಟು ಮಂಕು ಬೆಳಕಿನಲ್ಲಿ ದೂರ ಕೂತವರಿಗೆ ಹುಬ್ಬು, ಕಣ್ಣು, ತುಟಿ ಕಾಣಬೇಕಾದರೆ ಗಾಢವಾಗಿಯೇ ಬಳಿಯಬೇಕಿತ್ತು. ಸಫೇತ, ಇಂಗಳೀಕ, ಕಾಡಿಗೆ ಹುಟ್ಟಿದ್ದು ಆ ಅಗತ್ಯದಿಂದ. ವಿದ್ಯುತ್ತು ಬಂದು ಸಾವಿರ ವ್ಯಾಟಿನ ದೀಪಗಳು ಬಂದ ಮೇಲೂ ಬಣ್ಣದ ಪೆಟ್ಟಿಗೆ ಹಾಗೇ ಉಳಿಯಿತು. ಹಳೆಯ ನಾಟಕಗಳಲ್ಲಿ ಬೆಳಕನ್ನು ಏರಿಸಿ ಇಳಿಸಲು ಉಪ್ಪುನೀರಿನ ಡಿಮ್ಮರ್ ಇಡುತ್ತಿದ್ದುದನ್ನು ಹಿರಿಯರು ಹೇಳುತ್ತಾರೆ. ಒಂದು ಪಾತ್ರೆಯ ಉಪ್ಪುನೀರಿನಲ್ಲಿ ಲೋಹದ ಎರಡು ತುಂಡು. ಒಂದನ್ನು ಮೇಲೆ ಎತ್ತಿದರೆ ದೀಪ ಮಂಕು, ಕೆಳಗೆ ಬಿಟ್ಟರೆ ಪ್ರಕಾಶ. ಕೈ ತಪ್ಪಿದರೆ ಯಮನ ಪಾದ. ಅಂಥ ಸಾಧನಗಳ ಕಾಲದಲ್ಲೇ, 1959ರಲ್ಲಿ, ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ತಾಪಸ್ ಸೇನ್ ಅವರು ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಮುಳುಗಿಸುವ ದೃಶ್ಯವನ್ನು ಬೆಳಕಿನಿಂದಲೇ ಕಟ್ಟಿದ್ದರು. ಒಂದು ಹನಿ ನೀರಿಲ್ಲದೆ ಪ್ರವಾಹ ತೋರಿಸಬಲ್ಲ ಬೆಳಕಿಗೆ ನಮ್ಮೂರ ಹುಡುಗಿಯ ಮುಖ ತೋರಿಸಲು ಬರುವುದಿಲ್ಲವೇ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಉತ್ತರ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು. 2024ರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಎಂಟು ಎಲ್‌ಇಡಿ ದೀಪಗಳನ್ನು ಕೊಟ್ಟರು. ದೋಸೆ ಹಂಚಿನಷ್ಟು ಅಗಲದ ಕಪ್ಪು ಡಬ್ಬಿಗಳು; ಒಂದೊಂದರ ಮುಖದಲ್ಲೂ ಕೆಂಪು, ಹಸಿರು, ನೀಲಿ, ಬಿಳಿಯ 54 ಪುಟ್ಟ ಕಣ್ಣು. ಜೊತೆಗೆ ಒಂದಿಷ್ಟು ಕೇಬಲ್ಲು, ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಒಂದು ಡಬ್ಬಿ. ವಿಜ್ಞಾನದ ಮೇಷ್ಟ್ರು ತರಬೇತಿಗೆ ಹೋಗಿದ್ದರು. ಹೆಡ್‌ಮಾಸ್ಟರು, “ಮೇಡಂ, ಸಾಂಸ್ಕೃತಿಕ ಅಂದರೆ ನೀವೇ ಅಲ್ಲವೇ” ಎಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ನಿರಾಳವಾದರು. ನನ್ನ ವಿದ್ಯುತ್ ಜ್ಞಾನವೆಲ್ಲ ಮನೆಯಲ್ಲಿ ಫ್ಯೂಸ್ ಹೋದರೆ ತಂತಿ ಕಟ್ಟುವಷ್ಟರದು. ಆದರೆ ಮೂವತ್ತು ವರ್ಷ ಕೇಶಿರಾಜನ ಸೂತ್ರಗಳನ್ನು ಹದಿಹರೆಯದ ಹುಡುಗರಿಗೆ ತಿಳಿಸಿದವಳಿಗೆ ಯಾವ ಸೂತ್ರವೂ ತೀರಾ ಕಷ್ಟವೆನ್ನಿಸುವುದಿಲ್ಲ.

ದೀಪ ಕೊಟ್ಟವರಲ್ಲಿ ಒಬ್ಬ ಹುಡುಗ ಮದುವೆ, ಆರ್ಕೆಸ್ಟ್ರಾಗಳಿಗೆ ಲೈಟು ಹಾಕುವ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ಬಂದು ಹೇಳಿಕೊಟ್ಟ. ನಾನು, ಒಂಬತ್ತನೇ ತರಗತಿಯ ಐದಾರು ಮಕ್ಕಳು ಸುತ್ತ ಕೂತೆವು. ಅವನು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ.

ಈ ದೀಪಗಳು ಮಾತು ಕೇಳುವ ಭಾಷೆಗೆ ಡಿಎಂಎಕ್ಸ್ ಎಂದು ಹೆಸರು. ಮೊದಲು ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆಯಿತ್ತಂತೆ. ಒಬ್ಬರ ದೀಪ ಇನ್ನೊಬ್ಬರ ಯಂತ್ರದ ಮಾತು ಕೇಳುತ್ತಿರಲಿಲ್ಲ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಎಲ್ಲಕ್ಕೂ ಸಲ್ಲುವ ಈ ಭಾಷೆಯನ್ನು ರೂಪಿಸಿತು. ಇದರ ವ್ಯಾಕರಣ ನಮ್ಮ ಹಾಜರಿ ಪುಸ್ತಕದಂತೆಯೇ. ಒಂದು ಪುಸ್ತಕದಲ್ಲಿ 512 ಹೆಸರಿಗೆ ಜಾಗ. ಪ್ರತಿ ಹೆಸರಿನ ಮುಂದೆ ಸೊನ್ನೆಯಿಂದ 255ರವರೆಗಿನ ಒಂದು ಅಂಕಿ. ಸೊನ್ನೆ ಎಂದರೆ ಕತ್ತಲು, 255 ಎಂದರೆ ಪೂರ್ಣ. ಕಂಪ್ಯೂಟರು ಈ ಹಾಜರಿಯನ್ನು ಮೊದಲಿಂದ ಕೊನೆಯವರೆಗೆ ಸೆಕೆಂಡಿಗೆ ಸುಮಾರು 44 ಸಲ ಕೂಗಬಲ್ಲದು. ನಾನು ಒಂದು ತರಗತಿಯ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಕಾಲು ಪಿರಿಯಡ್ ಹೋಗಿರುತ್ತದೆ.

ಸೊಗಸು ಎಲ್ಲಿದೆಯೆಂದರೆ, ಒಂದೇ ತಂತಿಯಲ್ಲಿ ಹೋಗುವ ಈ ಕೂಗು ಎಲ್ಲ ದೀಪಗಳಿಗೂ ಕೇಳುತ್ತದೆ. ಪ್ರತಿ ದೀಪವೂ ತನ್ನ ನಂಬರು ಬಂದಾಗ ಮಾತ್ರ ‘ಹಾಜರ್’ ಎನ್ನುತ್ತದೆ. ನಮ್ಮ ದೀಪಕ್ಕೆ ಎಂಟೆಂಟು ಜಾಗ ಬೇಕು: ಮೊದಲನೆಯದು ಒಟ್ಟು ಪ್ರಕಾಶ, ಎರಡನೆಯದು ಕೆಂಪು, ಮೂರನೆಯದು ಹಸಿರು, ನಾಲ್ಕು ನೀಲಿ, ಐದು ಬಿಳಿ, ಆರು ಮಿಣುಕುವ ವೇಗ, ಉಳಿದೆರಡು ತಾನೇ ಕುಣಿಯುವ ಆಟಕ್ಕೆ. ಆದ್ದರಿಂದ ಮೊದಲ ದೀಪದ ವಿಳಾಸ 1, ಎರಡನೆಯದರದು 9, ಮೂರನೆಯದು 17. ಹೀಗೆ ಎಂಟನೆಯದು 57. ದೀಪದ ಬೆನ್ನಿನ ಮೇಲಿರುವ ಗುಂಡಿ ಒತ್ತಿ ಆ ಅಂಕಿಯನ್ನು ಕೂಡಿಸಬೇಕು. ಎರಡು ದೀಪಕ್ಕೆ ಒಂದೇ ವಿಳಾಸ ಕೊಟ್ಟರೆ ಅವು ಅವಳಿ ಮಕ್ಕಳಂತೆ ಒಂದೇ ಸಲ ನಗುತ್ತವೆ, ಒಂದೇ ಸಲ ಕಣ್ಣು ಮುಚ್ಚುತ್ತವೆ. ನಮ್ಮ ಎಂಟು ದೀಪಕ್ಕೆ 64 ಜಾಗ ಸಾಕು. ಉಳಿದ 448 ಹೆಸರು ಗೈರುಹಾಜರಿ.

ಕೇಬಲ್ಲು ಕಂಪ್ಯೂಟರಿನ ಡಬ್ಬಿಯಿಂದ ಮೊದಲ ದೀಪಕ್ಕೆ, ಅದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಹೋಗಬೇಕು. ತುಂಬಿದ ಬಸ್ಸಿನಲ್ಲಿ ಹಿಂದಿನವರ ಟಿಕೆಟ್ಟಿನ ದುಡ್ಡು ಕೈಯಿಂದ ಕೈಗೆ ದಾಟುವ ಹಾಗೆ. ನಡುವೆ ಕವಲೊಡೆಸುವಂತಿಲ್ಲ. ಮೊದಲ ದಿನ ಒಂದು ಕೇಬಲ್ಲು ಸಾಲದಾಯಿತು. ಮೈಕ್‌ಸೆಟ್ಟಿನ ಹುಡುಗ, “ಇದೂ ಮೂರು ಪಿನ್ನೇ, ತಗೊಳ್ಳಿ” ಎಂದು ತನ್ನ ಮೈಕಿನ ಕೇಬಲ್ಲು ಕೊಟ್ಟ. ನೋಡಲು ಅಕ್ಕತಂಗಿಯರ ಹಾಗಿದ್ದವು. ಚುಚ್ಚಿದ್ದೇ ತಡ, ಆರನೇ ದೀಪದಿಂದ ಮುಂದೆ ದೆವ್ವ ಹೊಕ್ಕಂತೆ ಮಿಣುಕಾಟ. ಮೈಕಿನ ಕೇಬಲ್ಲು ಮನುಷ್ಯರ ದನಿಗೆ ಮಾಡಿದ್ದು. ಇಷ್ಟು ವೇಗದ ಅಂಕಿಯ ಮಾತು ಅದರಲ್ಲಿ ತೊದಲುತ್ತದೆ. ಇನ್ನೊಂದು ಗುಟ್ಟು: ಸಾಲಿನ ಕೊನೆಯ ದೀಪಕ್ಕೆ 120 ಓಮಿನ ಒಂದು ಸಣ್ಣ ರೆಸಿಸ್ಟರನ್ನು ಮುಚ್ಚಳದ ಹಾಗೆ ಹಾಕಬೇಕು. ಇಲ್ಲದಿದ್ದರೆ ಖಾಲಿ ಹಾಲಿನಲ್ಲಿ ಕೂಗಿದ್ದು ಗೋಡೆಗೆ ಬಡಿದು ಮರಳುವಂತೆ ಮಾತು ತಂತಿಯ ತುದಿಯಿಂದ ಹಿಂದಿರುಗಿ ಹೊಸ ಮಾತಿನ ಜೊತೆ ಗೊಂದಲವಾಗುತ್ತದೆ. ನಾಲ್ಕಾಣೆ ಸಾಮಾನು, ನಲವತ್ತು ನಿಮಿಷದ ತಲೆನೋವು ತಪ್ಪಿಸುತ್ತದೆ.

ಕಂಪ್ಯೂಟರಿನಲ್ಲಿ ಈ ಅಂಕಿಗಳನ್ನು ಆಡಿಸಲು ಒಂದು ತಂತ್ರಾಂಶ ಬೇಕು. ದುಡ್ಡು ಕೊಡದೆ ಸಿಗುವ ಕ್ಯೂಎಲ್‌ಸಿ ಪ್ಲಸ್ ಎಂಬುದನ್ನು ಹುಡುಗ ಹಾಕಿಕೊಟ್ಟ. ಅದರಲ್ಲಿ ಮೊದಲು ಯಾವ ದೀಪ, ಯಾವ ವಿಳಾಸ ಎಂದು ದಾಖಲಿಸಬೇಕು. ನಮ್ಮ ದೀಪದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ಅದರ ಜಾತಕವನ್ನು ನಾವೇ ಬರೆಯಬಹುದು. ಆಮೇಲೆ ಎಂಟೂ ದೀಪಗಳನ್ನು ಬೇಕಾದ ಬಣ್ಣಕ್ಕೆ ಕೂಡಿಸಿ ಅದನ್ನು ಒಂದು ‘ಸೀನ್’ ಎಂದು ಹೆಸರಿಟ್ಟು ಉಳಿಸಬೇಕು. ಸೀನುಗಳನ್ನು ಒಂದರ ಹಿಂದೊಂದು ಪೋಣಿಸಿಟ್ಟರೆ ನಾಟಕದ ದಿನ ಒಂದು ಗುಂಡಿ ಒತ್ತುತ್ತ ಹೋದರಾಯಿತು. ಒಂದರಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡಿನಲ್ಲಿ ಕರಗಬೇಕು ಎಂಬುದನ್ನೂ ಹೇಳಿಡಬಹುದು. ಇದನ್ನೆಲ್ಲ ಎಲ್ಲರಿಗಿಂತ ಬೇಗ ಹಿಡಿದವಳು ಒಂಬತ್ತನೇ ತರಗತಿಯ ಒಬ್ಬ ಕನ್ನಡಕದ ಹುಡುಗಿ. ಅದುವರೆಗೆ ಅವಳಿಗೆ ವಾರ್ಷಿಕೋತ್ಸವದಲ್ಲಿ ಇದ್ದ ಕೆಲಸ ಅತಿಥಿಗಳಿಗೆ ಹೂಗುಚ್ಛದ ತಟ್ಟೆ ಹಿಡಿಯುವುದು. “ವೈರಿನ ಕೆಲಸಕ್ಕೆ ಹುಡುಗರಿರಲಿ” ಎಂದ ಹೆಡ್‌ಮಾಸ್ಟರಿಗೆ ಅವಳು ಕೆಂಪು ಹಸಿರು ಸೇರಿಸಿ ಹಳದಿ ಮಾಡಿ ತೋರಿಸಿದಳು. ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು, ಹಸಿರು ಬೆರೆಸಿದರೆ ಕೆಸರು. ಬೆಳಕಿನಲ್ಲಿ ಬೆರೆಸಿದರೆ ಅರಿಶಿನ. ಹೆಡ್‌ಮಾಸ್ಟರು ಮತ್ತೆ ಆ ಮಾತೆತ್ತಲಿಲ್ಲ.

ಆ ವರ್ಷದ ನಾಟಕ ದ್ಯೂತಸಭೆ. ಧರ್ಮರಾಯ ಮೊದಲು ತನ್ನನ್ನು ತಾನು ಸೋತನೋ, ನನ್ನನ್ನು ಸೋತನೋ. ತಾನೇ ದಾಸನಾದವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಯದು ಎಂದು ದ್ರೌಪದಿ ಸಭೆಗೆ ಕೇಳುವ ಪ್ರಶ್ನೆಯೇ ನಾಟಕದ ಜೀವ. ಆ ಪ್ರಶ್ನೆಯನ್ನು ನಡುಗದೆ ಕೇಳಬಲ್ಲ ದನಿ ಇಡೀ ಶಾಲೆಯಲ್ಲಿ ಒಬ್ಬಳಿಗಿತ್ತು. ಅವಳ ತಾಯಿ ಕೊಬ್ಬರಿ ಮಂಡಿಯಲ್ಲಿ ಕಾಯಿ ಒಡೆಯುವ ಕೆಲಸ ಮಾಡುತ್ತಾರೆ. ಹುಡುಗಿ ಎಣ್ಣೆಗಪ್ಪು. ನಾನು ಅವಳ ಹೆಸರು ಹೇಳಿದೊಡನೆ ಎಸ್.ಡಿ.ಎಂ.ಸಿ. ಸದಸ್ಯರೊಬ್ಬರು, “ದ್ರೌಪದಿ ಅಂದ್ರೆ ಮಹಾರಾಣಿ ಅಲ್ವಾ ಮೇಡಂ? ಸ್ವಲ್ಪ ಕಳೆಯಾಗಿರೋ ಹುಡುಗಿ ನೋಡಿ” ಎಂದರು. ಕಳೆ ಎಂದರೆ ಅವರ ಅರ್ಥ ಬಿಳುಪು. “ಸ್ವಾಮಿ, ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಕೃಷ್ಣೆ ಎಂದರೆ ಕಪ್ಪಗಿರುವವಳು” ಎಂದೆ. ಮಹಾಭಾರತದಲ್ಲಿ ಕಪ್ಪಗಿನವರ ಪಟ್ಟಿ ಮಾಡಿ ನೋಡಿ: ಕಥೆ ಹೇಳಿದ ವ್ಯಾಸರು, ಸೂತ್ರ ಹಿಡಿದ ಕೃಷ್ಣ, ಬಿಲ್ಲು ಹಿಡಿದ ಅರ್ಜುನ, ಪ್ರಶ್ನೆ ಕೇಳಿದ ದ್ರೌಪದಿ. ಬೆಳ್ಳಗಾಗಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಅವರು ತಲೆ ಕೆರೆದುಕೊಂಡು, “ಅದು ಸರಿ, ಆದ್ರೆ ಲೈಟಿಗೆ...” ಎಂದು ಶುರು ಮಾಡಿದರು. “ಲೈಟು ಈ ಸಲ ನಮ್ಮ ಕೈಯಲ್ಲೇ ಇದೆ” ಎಂದೆ.

ಹೇಳಿದ್ದೇನೋ ಆಯಿತು. ಮೊದಲ ತಾಲೀಮಿನ ಸಂಜೆ ಅವಳನ್ನು ವೇದಿಕೆಯ ನಡುವೆ ನಿಲ್ಲಿಸಿ ಎಲ್ಲ ಬಣ್ಣವನ್ನೂ 255ಕ್ಕೆ ಏರಿಸಿದರೆ, ಅಯ್ಯೋ, ಮುಖ ಬೂದಿ ಬಳಿದಂತಾಯಿತು. ನೀಲಿ ಹೆಚ್ಚಿಸಿದರೆ ಮುಖವೇ ಮಾಯ. ಕಣ್ಣು, ಹಲ್ಲು ಮಾತ್ರ ಉಳಿದವು. ಹುಡುಗರು ನಕ್ಕರು. ಹುಡುಗಿ ಏನೂ ಹೇಳಲಿಲ್ಲ, ತಲೆ ತಗ್ಗಿಸಿ, “ಮಿಸ್, ಪೌಡರ್ ಹಾಕ್ಕೊಂಡ್ರೆ ಆಗುತ್ತೆ, ಬಿಡಿ ಮಿಸ್” ಎಂದಳು. ನನಗೆ ನಲವತ್ತೆರಡು ವರ್ಷದ ಹಿಂದಿನ ಪರದೆಯ ವಾಸನೆ ಮೂಗಿಗೆ ಬಡಿದಂತಾಯಿತು. “ನೀನು ಹಾಕ್ಕೊಳ್ಳೋದು ಬೇಡ, ನಿಂತಿರು. ದೀಪಕ್ಕೇ ಬುದ್ಧಿ ಹೇಳೋಣ” ಎಂದೆ.

ಆ ಹಳೆಯ ವಿದ್ಯಾರ್ಥಿಗೆ ಫೋನು ಹಚ್ಚಿ ಕಾರಣ ಕೇಳಿದೆ. ಅವನು ಹೇಳಿದ್ದು ಇದು. ಹಳೆಯ ಬಲ್ಬಿನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣವೂ ಒಂದಕ್ಕೊಂದು ಅಂಟಿಕೊಂಡು ಇರುತ್ತದೆ, ಕೆಂಪು ಧಾರಾಳ. ಎಲ್‌ಇಡಿಯಲ್ಲಿ ಹಾಗಲ್ಲ, ಕೆಂಪು, ಹಸಿರು, ನೀಲಿಯ ಮೂರು ಕಂತೆ, ನಡುವೆ ಕಂದಕ. ಕೆಂಪು ಎಲ್‌ಇಡಿ ಹುಟ್ಟಿದ್ದು 1962ರಲ್ಲಿ. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಆ ನೀಲಿಯನ್ನು ಸಾಧಿಸಿದ, ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆಗಳ ಬಿಳಿ ಎಲ್‌ಇಡಿ ಬಲ್ಬಿಗೂ ಆ ನೀಲಿಯೇ ತಾಯಿ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನೀಲಿಯನ್ನು ಹೆಚ್ಚು ನುಂಗುತ್ತದೆ, ಕೆಂಪನ್ನು ಅಷ್ಟು ನುಂಗುವುದಿಲ್ಲ. ಮೆಲನಿನ್ ಹೆಚ್ಚಿರುವ ಮುಖದ ಮೇಲೆ ನೀಲಿ ಸುರಿದರೆ ಸುರಿದದ್ದೆಲ್ಲ ಒಳಗೇ ಇಂಗುತ್ತದೆ. ಕೆಂಪು, ಜೇನುಬಣ್ಣ ಸುರಿದರೆ ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಹಾಗಾದರೆ ಲೈಟಿಗೆ ಹಿಡಿಯದಿದ್ದದ್ದು ಮುಖವಲ್ಲ, ಮುಖಕ್ಕೆ ಹಿಡಿಯದಿದ್ದದ್ದು ಲೈಟು!

ಮುಂದಿನ ಮೂರು ಸಂಜೆ ನಾವು ಮೂವರೂ, ಅಂದರೆ ದ್ರೌಪದಿ, ಕನ್ನಡಕದ ಹುಡುಗಿ ಮತ್ತು ನಾನು, ಅಂಕಿಗಳ ಜೊತೆ ಕಾದಾಡಿದೆವು. ಕಪ್ಪು ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಮುಖದಲ್ಲಿ ಎಷ್ಟು ಬಣ್ಣಗಳಿರುತ್ತವೆ ಎಂಬುದನ್ನು ಆಗ ನೋಡಿದೆ. ಹಣೆಯಲ್ಲಿ ತಾಮ್ರ, ಕೆನ್ನೆಯ ಏರಿನಲ್ಲಿ ಜೋನಿಬೆಲ್ಲ, ಗಲ್ಲದ ಕೆಳಗೆ ನೇರಳೆ. ನೀಲಿಯನ್ನು 20ಕ್ಕೆ ಇಳಿಸಿ, ಕೆಂಪನ್ನು 255ರಲ್ಲೇ ಬಿಟ್ಟು, ಹಸಿರನ್ನು 110ಕ್ಕೆ, ಬಿಳಿಯನ್ನು 90ಕ್ಕೆ ತಂದಾಗ ಮುಖ ದೀಪಾವಳಿಯ ಹಣತೆಯ ಮುಂದೆ ನಿಂತಂತೆ ಬೆಳಗಿತು. ಇದು ನಮ್ಮ ದೀಪಗಳ ಅಂಕಿ. ನಿಮ್ಮ ಶಾಲೆಯ ದೀಪಕ್ಕೆ ಬೇರೆ ಬಂದೀತು. ಉಪ್ಪು, ಖಾರ ಅಳತೆ ಪುಸ್ತಕದಲ್ಲಿದ್ದರೂ ನಾಲಿಗೆಗೆ ಹಚ್ಚಿ ನೋಡಲೇಬೇಕಲ್ಲ.

ಬಣ್ಣವಷ್ಟೇ ಸಾಲದು, ದಿಕ್ಕೂ ಬೇಕು. ಎದುರಿನಿಂದ ನೇರ ಹೊಡೆದ ಬೆಳಕು ಎಂಥ ಮುಖವನ್ನೂ ರೊಟ್ಟಿಯ ಹಾಗೆ ಚಪ್ಪಟೆ ಮಾಡುತ್ತದೆ. ಅಮೆರಿಕದಲ್ಲಿ ರಂಗದ ಬೆಳಕು ಕಲಿಸುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ ಎಂಬುವರು 1932ರಲ್ಲಿ ಬರೆದ ಪುಸ್ತಕದಲ್ಲಿ, ಎಡದಿಂದಲೂ ಬಲದಿಂದಲೂ 45 ಡಿಗ್ರಿ ಕೋನದಲ್ಲಿ ಎರಡು ದೀಪ, ಒಂದು ಬೆಚ್ಚಗಿನದು ಒಂದು ತಣ್ಣಗಿನದು ಇರಲಿ ಎಂಬ ಸೂತ್ರ ಕೊಟ್ಟಿದ್ದಾರೆ. ಹಾಗೇ ಕಟ್ಟಿದೆವು. ಪಕ್ಕದಿಂದ ಬಂದ ಬೆಳಕು ಮೂಗಿನ ಗೆರೆ, ಕೆನ್ನೆಯ ಮೂಳೆ ತಿದ್ದಿತು. ಕಪ್ಪು ಚರ್ಮಕ್ಕೆ ಪಕ್ಕದ ಬೆಳಕಿನಲ್ಲಿ ಬರುವ ಹೊಳಪು ಬಿಳಿ ಚರ್ಮಕ್ಕೆ ಬರುವುದಿಲ್ಲ, ನಂಬಿ. ಹಿಂದಿನಿಂದ ಒಂದು ದೀಪ ಹೆಗಲು, ಕೂದಲ ಅಂಚಿಗೆ ಬೆಳ್ಳಿ ಜರಿ ಇಟ್ಟಿತು. ಶಾಲೆಯ ಕಪ್ಪು ಪರದೆಯ ಮೇಲೆ ಎರಡು ದೀಪದಿಂದ ಮಂದ ನೀಲಿ ಚೆಲ್ಲಿದೆವು; ಹಿನ್ನೆಲೆ ಕಪ್ಪಾಗಿದ್ದರೆ ಕಪ್ಪು ತಲೆ ಅದರಲ್ಲಿ ಕರಗಿಹೋಗುತ್ತದೆ. ಬಾಡಿಗೆಗೆ ಬಂದಿದ್ದ ಬಿಳಿ ಸ್ಯಾಟಿನ್ ಸೀರೆಯನ್ನು ವಾಪಸು ಕಳಿಸಿದೆ. ಬಿಳಿ ಬಟ್ಟೆ ಬೆಳಕನ್ನೆಲ್ಲ ತಾನೇ ದೋಚಿಕೊಂಡು ಪಕ್ಕದ ಮುಖವನ್ನು ಮಂಕು ಮಾಡುತ್ತದೆ. ನನ್ನ ಪೆಟ್ಟಿಗೆಯಲ್ಲಿದ್ದ ಕುಂಕುಮಗೆಂಪಿನ ಸೀರೆ ಉಡಿಸಿದೆ.

ಈ ಹೊತ್ತಿಗೆ ಲೈಟಿನ ಯಜಮಾನರೂ ಬಂದು ಸೇರಿಕೊಂಡಿದ್ದರು. ಹೊಸ ದೀಪ ಬಂದು ಅವರ ಅನ್ನಕ್ಕೆ ಕಲ್ಲು ಬಿತ್ತೇ ಎಂಬ ಅಳುಕು ನನಗಿತ್ತು. ಆದರೆ ಬೊಂಬು ಕಟ್ಟುವುದು, ದೀಪ ಜಾರಿದರೂ ಬೀಳದಂತೆ ಸರಪಳಿ ಹಾಕುವುದು, ಅರ್ಥಿಂಗ್ ನೋಡುವುದು ಕಂಪ್ಯೂಟರಿಗೆ ಬರುವುದಿಲ್ಲವಲ್ಲ. ಆ ಕೆಲಸಕ್ಕೆ ಅವರೇ ಬೇಕಾಯಿತು, ಅವರ ಕೂಲಿಯೂ ಉಳಿಯಿತು. ಹಿಂದೆ ಸಾವಿರ ವ್ಯಾಟಿನ ಎಂಟು ದೀಪಕ್ಕೆ ಜನರೇಟರ್ ತರಬೇಕಿತ್ತು. ಈಗ ಎಂಟೂ ಸೇರಿ ಆ ಒಂದು ದೀಪಕ್ಕಿಂತ ಸ್ವಲ್ಪ ಹೆಚ್ಚು ಕರೆಂಟು, ಅಷ್ಟೆ. ಬೊಂಬಿನ ಮೇಲಿಂದ ಅವರು ಬಹಳ ಹೊತ್ತು ಹುಡುಗಿಯನ್ನೇ ನೋಡಿ, “ಹಿಡೀತದೆ ಮೇಡಂ” ಎಂದರು. ಮೂವತ್ತು ವರ್ಷದ ನನ್ನ ಜಗಳಕ್ಕೆ ಸಿಕ್ಕ ತೀರ್ಪು ಅದೊಂದೇ ಮಾತು.

ಆದರೆ ತೀರ್ಪು ಕೊಡಬೇಕಾದವರು ಇನ್ನೂ ಇದ್ದರು. ವಾರ್ಷಿಕೋತ್ಸವದ ಸಂಜೆ ಬಣ್ಣದ ಕೋಣೆಯಲ್ಲಿ ಯಾರೋ ಅಭ್ಯಾಸಬಲದಿಂದ ಪೌಡರಿನ ಡಬ್ಬಿ ಹಿಡಿದು ದ್ರೌಪದಿಯ ಬಳಿ ಬಂದರು. ಅವಳು ನನ್ನ ಮುಖ ನೋಡಲಿಲ್ಲ. ತಾನೇ ಒಂದು ಹೆಜ್ಜೆ ಹಿಂದೆ ಸರಿದು, “ಬೇಡ ಮಿಸ್, ನನಗೆ ಲೈಟ್ ಇದೆ” ಎಂದಳು. ಕಣ್ಣಿಗೆ ಕಾಡಿಗೆ, ಹಣೆಗೆ ಕುಂಕುಮ, ಬೆವರು ಒರೆಸಿದ ಶುಭ್ರ ಮುಖ. ಇಷ್ಟೇ ಅವಳ ವೇಷ.

ನಾಟಕ ಶುರುವಾಯಿತು. ಕನ್ನಡಕದ ಹುಡುಗಿ ಹಾಲಿನ ಹಿಂದಿನ ಬೆಂಚಿನ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು, ಪಕ್ಕದಲ್ಲಿ ಅಂಕಿ ಬರೆದ ನೋಟುಬುಕ್ಕು. ಸಭೆ ಹಳದಿಯಾಗಿ ಬೆಳಗುತ್ತಿತ್ತು. ದ್ರೌಪದಿ ಬಂದು ನಿಂತಾಗ ಅವಳು ಗುಂಡಿ ಒತ್ತಿದಳು. ಐದು ಸೆಕೆಂಡಿನಲ್ಲಿ ಸುತ್ತಲಿನ ರಾಜರೆಲ್ಲ ನಿಧಾನ ನೀಲಿಯೊಳಗೆ ಇಳಿದರು. ನಡುವೆ ಒಂದು ಮುಖ ಉಳಿಯಿತು. ಮೊಬೈಲು ಹಿಡಿದಿದ್ದವರ ಪರದೆಗಳಲ್ಲಿ ಗೆರೆಗೆರೆ ಓಡಾಡತೊಡಗಿತು. ಈ ದೀಪಗಳು ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಹತ್ತಿ ಆರುತ್ತಿರುತ್ತವೆ, ಕ್ಯಾಮೆರಾ ಅದನ್ನು ಹಿಡಿದುಬಿಡುತ್ತದೆ. ಅದೂ ಒಳ್ಳೆಯದೇ ಆಯಿತು. ಒಬ್ಬೊಬ್ಬರಾಗಿ ಮೊಬೈಲು ಕೆಳಗಿಟ್ಟು ಕಣ್ಣಿಂದಲೇ ನೋಡತೊಡಗಿದರು. ಅವಳು ಪ್ರಶ್ನೆ ಕೇಳಿದಳು. ಭೀಷ್ಮನ ಪಾತ್ರದ ಹುಡುಗ ತಲೆ ತಗ್ಗಿಸಿದ. ಹಾಲಿನಲ್ಲಿ ಕೆಮ್ಮು ಸಹ ಇಲ್ಲ.

ನಾಟಕ ಮುಗಿದು ಜನ ಚದುರುವಾಗ ಅವಳ ತಾಯಿ ಕಂಬದ ಪಕ್ಕ ನಿಂತಿದ್ದರು. ಮಂಡಿಯಿಂದ ನೇರ ಬಂದಿರಬೇಕು, ಸೆರಗಿನಲ್ಲಿ ಕಾಯಿಜುಂಗು ಅಂಟಿತ್ತು. ನನ್ನನ್ನು ಕಂಡು ಹತ್ತಿರ ಬಂದು, ಯಾರಿಗೂ ಕೇಳದ ದನಿಯಲ್ಲಿ, “ಮೇಡಮ್ಮಾರೆ, ನಮ್ ಹುಡುಗಿಗೆ ಏನೂ ಬಳಿದಿರ್ಲಿಲ್ಲ ಅಲ್ವ್ರಾ?” ಎಂದರು.

“ಇಲ್ಲಮ್ಮ, ಏನೂ ಇಲ್ಲ.”

“ಹಂಗಾರೆ ಅದು ಅವ್ಳ ಬಣ್ಣಾನೇಯಾ?”

“ಅವಳದೇ.”

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮುಂಗೈಯನ್ನು ಮೇಲೆತ್ತಿ, ಅಲ್ಲಿ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಬೆಳಕಿನಲ್ಲಿ ತಿರುಗಿಸಿ ನೋಡಿಕೊಂಡರು. “ನಂದೂ ಅದೇಯ” ಎಂದರು. ಮುಖದಲ್ಲಿ ಒಂದು ನಗೆ ಬಂತು. ನನಗೆ ಮಾತು ಬರಲಿಲ್ಲ.

ಒಂದು ವಾರ್ಷಿಕೋತ್ಸವದಿಂದ ಲೋಕ ಬದಲಾಗಿಬಿಟ್ಟಿತು ಎಂದು ಹೇಳುವಷ್ಟು ಮರುಳಳಲ್ಲ ನಾನು. ಆ ಹುಡುಗಿಯನ್ನು ನಾಳೆ ಯಾರೋ ನೋಡಲು ಬಂದು ಅದೇ ‘ಆದರೂ’ ಎಂಬ ಮೂರಕ್ಷರ ಹೇಳಿಹೋಗಬಹುದು. ಅದಕ್ಕೆ ಉತ್ತರ ಕೊಡುವ ದನಿ ಅವಳಿಗಿದೆ ಎಂಬುದು ಮಾತ್ರ ನನ್ನ ಧೈರ್ಯ. ನನ್ನ ಕೈಲಾದದ್ದು, ‘ಲೈಟಿಗೆ ಹಿಡಿಯೋದಿಲ್ಲ’ ಎಂಬ ನೆಪವೊಂದನ್ನು ನಮ್ಮ ಶಾಲೆಯಿಂದ ಹೊರಗೆ ಹಾಕಿದ್ದು. ಮಕ್ಕಳಿಗೆ ನಾಟಕ ಆಡಿಸುವ ನನ್ನಂಥ ಮೇಡಂಗಳಿಗೆ ಒಂದು ಮಾತು ಹೇಳುತ್ತೇನೆ. ಹೊಸ ದೀಪವೇ ಬೇಕೆಂದಿಲ್ಲ. ಇರುವ ದೀಪವನ್ನೇ ಎದುರಿನಿಂದ ಪಕ್ಕಕ್ಕೆ ಸರಿಸಿ, ಅದಕ್ಕೆ ಜೇನುಬಣ್ಣದ ಜಿಲೆಟಿನ್ ಹಾಳೆ ಕಟ್ಟಿ, ಹಿಂದಿನ ಪರದೆಗೆ ಒಂದಿಷ್ಟು ಬೆಳಕು ಬಿಡಿ. ಪಾತ್ರ ಹಂಚುವ ಮೊದಲು ಮಕ್ಕಳನ್ನು ಒಬ್ಬೊಬ್ಬರಾಗಿ ಆ ಬೆಳಕಿನಲ್ಲಿ ನಿಲ್ಲಿಸಿ ಐದು ನಿಮಿಷ ನೋಡಿ. ದನಿ ಇರುವ ಮಗು ಹಿಂದಿನ ಸಾಲಿನಲ್ಲಿ ಉಳಿಯುವುದಿಲ್ಲ.

ಆ ಮುಖದ ಅಂಕಿಗಳನ್ನು ಕನ್ನಡಕದ ಹುಡುಗಿ ಕಂಪ್ಯೂಟರಿನಲ್ಲಿ ‘ಕೃಷ್ಣೆ’ ಎಂಬ ಹೆಸರಿನಲ್ಲಿ ಉಳಿಸಿಟ್ಟಿದ್ದಾಳೆ. ಒಂದು ಗುಂಡಿ ಒತ್ತಿದರೆ ಇನ್ನು ಯಾವ ವರ್ಷಕ್ಕಾದರೂ ಆ ಬೆಳಕು ಸಿಗುತ್ತದೆ. ವಾರ್ಷಿಕೋತ್ಸವದ ಖರ್ಚಿನ ಪಟ್ಟಿ ಕೊಟ್ಟಾಗ ನಮ್ಮ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಪೌಡರು, ಸ್ನೋ ಬಾಬತ್ತು ಬರೆಯೋದು ಮರೆತಿದ್ದೀರಲ್ಲ ಮೇಡಂ?” ಎಂದರು.

“ಮರೆತಿಲ್ಲ, ತಗೊಂಡೇ ಇಲ್ಲ” ಎಂದೆ. ಅವರು ಆ ಬಾಬತ್ತಿನ ಮುಂದೆ ಸೊನ್ನೆ ಬರೆದುಕೊಂಡರು.